ಇಸುಬಿಗೆ ಯಾವ ಸೊಪ್ಪು ಮದ್ದು?

ಮಕ್ಕಳ ಇಸುಬಿಗೆ ಚರ್ಮವೈದ್ಯರು ಹೈಡ್ರೊಕಾರ್ಟಿಸೋನ್ ಮುಲಾಮು ಬರೆದುಕೊಟ್ಟರೆ ಮನೆಯವರಿಗೆ ಅಂಜಿಕೆ ಶುರುವಾಗುತ್ತದೆ. ಧಾರವಾಡದ ನಮ್ಮ ಓಣಿಯಲ್ಲಿ ಆ ಅಂಜಿಕೆ ಹೊತ್ತು ನೇರ ನಮ್ಮನೆಗೇ ಬರುವವರಿದ್ದಾರೆ. "ಇದರಾಗ ಸ್ಟಿರಾಯ್ಡ್ ಐತಂತ್ರಿ ಮೇಡಮ್ಮಾರ. ಕೂಸಿಗೆ ಕೆಮಿಕಲ್ ಬ್ಯಾಡ್ರಿ. ನೀವು ಗಿಡಮೂಲಿಕಿ ಪಾಠ ಹೇಳೋರು, ಯಾವುದರೆ ಚಲೋ ತೊಪ್ಪಲ ಇದ್ರ ಹೇಳ್ರಿ." ನಾನು ಫಾರ್ಮಸಿ ಕಾಲೇಜಿನಲ್ಲಿ ಫಾರ್ಮಕಾಗ್ನಸಿ, ಅಂದರೆ ಔಷಧಿ ಸಸ್ಯಗಳ ಶಾಸ್ತ್ರ ಕಲಿಸುವವಳು. ಸಸ್ಯಗಳನ್ನು ನಂಬಿಯೇ ಅನ್ನ ಉಂಡವಳು. ಹೀಗೆ ಕೇಳಿದವರಿಗೆ ನಾನು ಮೊದಲು ಒಂದು ಕಾಡುಗೆಣಸಿನ ಕಥೆ ಹೇಳುತ್ತೇನೆ.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ತೀವ್ರ ಸಂಧಿವಾತದಿಂದ ನರಳುತ್ತಿದ್ದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡಿನ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ರೋಗಿ ಎದ್ದು ಓಡಾಡತೊಡಗಿದ್ದು ವೈದ್ಯಲೋಕಕ್ಕೆ ದೊಡ್ಡ ಸುದ್ದಿಯಾಯಿತು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. 1952ರಲ್ಲಿ ಸಲ್ಜ್‌ಬರ್ಗರ್ ಮತ್ತು ವಿಟ್ಟನ್ ಎಂಬ ಚರ್ಮವೈದ್ಯರು ಅದರ ಹತ್ತಿರದ ಸಂಬಂಧಿ ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿದರೂ ಉರಿಯೂತ ಇಳಿಯುತ್ತದೆಂದು ತೋರಿಸಿದರು. ತೊಡಕು ಇದ್ದದ್ದು ತಯಾರಿಕೆಯಲ್ಲಿ. ಎತ್ತಿನ ಪಿತ್ತರಸದಿಂದ ಶುರುಮಾಡಿ ಮೂವತ್ತಕ್ಕೂ ಹೆಚ್ಚು ರಾಸಾಯನಿಕ ಹಂತ ದಾಟಿದರೆ ಒಂದಿಷ್ಟು ಕಾರ್ಟಿಸೋನ್ ಸಿಗುತ್ತಿತ್ತು.

ಆ ತೊಡಕನ್ನು ಬಿಡಿಸಿದ್ದು ಮೆಕ್ಸಿಕೊದ ಕಾಡು. ರಸಾಯನ ವಿಜ್ಞಾನಿ ರಸೆಲ್ ಮಾರ್ಕರ್ 1940ರ ದಶಕದಲ್ಲಿ ಅಲ್ಲಿನ ಡಯೋಸ್ಕೋರಿಯ ಕುಲದ ಕಾಡುಗೆಣಸಿನಿಂದ ಡಯೋಸ್ಜೆನಿನ್ ಎಂಬ ವಸ್ತು ತೆಗೆದು, ಕೆಲವೇ ಹಂತಗಳಲ್ಲಿ ಪ್ರೊಜೆಸ್ಟೆರಾನ್ ಹಾರ್ಮೋನು ತಯಾರಿಸಿದ್ದರು. ಹಳಸಿದ ಬ್ರೆಡ್ಡಿನ ಮೇಲೆ ಬೆಳೆಯುವ ರೈಜೋಪಸ್ ಕುಲದ ಬೂಷ್ಟು ಆ ಪ್ರೊಜೆಸ್ಟೆರಾನಿಗೆ ಸರಿಯಾದ ಜಾಗದಲ್ಲಿ ಆಮ್ಲಜನಕ ಸೇರಿಸಬಲ್ಲದು ಎಂಬುದನ್ನು 1952ರಲ್ಲಿ ಅಪ್‌ಜಾನ್ ಕಂಪನಿಯ ವಿಜ್ಞಾನಿಗಳು ಕಂಡುಕೊಂಡರು. ಅಲ್ಲಿಂದ ಕಾರ್ಟಿಸೋನಿಗೆ ದಾರಿ ಹತ್ತಿರವಾಯಿತು; ಗೆಣಸು ಮತ್ತು ಬೂಷ್ಟು ಸೇರಿ ಶ್ರೀಮಂತರ ಔಷಧವನ್ನು ಎಲ್ಲರ ಕೈಗೆಟುಕುವಂತೆ ಮಾಡಿದವು. ಇದೇ ಕುಲದ ಗೆಣಸಿನ ಬೇಸಾಯಕ್ಕೆಂದು ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 'ಅರ್ಕಾ ಉಪಕಾರ್' ಎಂಬ ತಳಿಯನ್ನೇ ಬಿಡುಗಡೆ ಮಾಡಿದೆ.

ತಾಯಂದಿರು ಹೆದರುವ ಸ್ಟಿರಾಯ್ಡ್ ಮುಲಾಮಿನ ಬೇರು ಮಣ್ಣಿನಲ್ಲೇ ಇದೆ. ಸೊಪ್ಪೋ ಕೆಮಿಕಲ್ಲೋ ಎಂಬ ಭೇದ ನಮ್ಮ ಮಾತಿನಲ್ಲಿ ಉಂಟು, ಚರ್ಮಕ್ಕೆ ಗೊತ್ತಿಲ್ಲ. ಯಾವ ಅಣು, ಎಷ್ಟು ಪ್ರಮಾಣ, ಚರ್ಮದ ಯಾವ ಪದರದವರೆಗೆ ಇಳಿಯಿತು, ಎಷ್ಟು ದಿನ ಇತ್ತು: ಚರ್ಮ ಲೆಕ್ಕವಿಡುವುದು ಇಷ್ಟನ್ನು ಮಾತ್ರ.

ತುರಿಕೆ ಹುಟ್ಟುವ ಬಗೆ

ಅಲರ್ಜಿಯ ಇಸುಬನ್ನು ವೈದ್ಯರು ಅಟೊಪಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಹಾಲುಗೂಸಿಗೆ ಕೆನ್ನೆಯ ಮೇಲೆ, ನಡೆದಾಡುವ ಮಕ್ಕಳಿಗೆ ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂಬದಿಯಲ್ಲಿ ಚರ್ಮ ಒಣಗಿ ಕೆಂಪಾಗುತ್ತದೆ, ರಾತ್ರಿಯಿಡೀ ತುರಿಸುತ್ತದೆ. ಇದು ಅಂಟುರೋಗವಲ್ಲ. ರಕ್ತ ಕೆಟ್ಟು ಬರುವುದೂ ಅಲ್ಲ. 2006ರಲ್ಲಿ ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ಅರ್ವಿನ್ ಮೆಕ್ಲೀನ್ ಅವರ ತಂಡ ಇದರ ಒಂದು ಮುಖ್ಯ ಮೂಲವನ್ನು ಹಿಡಿಯಿತು. ಚರ್ಮದ ಹೊರಪದರವನ್ನು ಬಿಗಿಯಾಗಿ, ತೇವವಾಗಿ ಇಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದವರಿಗೆ ಇಸುಬು ಬರುವ ಸಂಭವ ಬಹಳ ಹೆಚ್ಚು ಎಂದು ಗೊತ್ತಾಯಿತು.

ಹೊರಪದರ ಸಡಿಲವಾದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಸೋಪು, ದೂಳು, ಸೂಕ್ಷ್ಮಾಣುಗಳು ಒಳನುಗ್ಗುತ್ತವೆ. ದೇಹದ ರಕ್ಷಣಾ ಕೋಶಗಳು ಎಚ್ಚೆತ್ತು ಇಂಟರ್‌ಲ್ಯೂಕಿನ್-4, ಇಂಟರ್‌ಲ್ಯೂಕಿನ್-13 ಎಂಬ ಸಂದೇಶವಾಹಕಗಳನ್ನು ಹರಿಯಬಿಡುತ್ತವೆ. ಇವು ಫಿಲಾಗ್ರಿನ್ನನ್ನು ಇನ್ನಷ್ಟು ಕುಗ್ಗಿಸುತ್ತವೆ. ಇಂಟರ್‌ಲ್ಯೂಕಿನ್-31 ನೇರವಾಗಿ ನರಗಳನ್ನೇ ಕೆಣಕಿ ತುರಿಕೆ ಎಬ್ಬಿಸುತ್ತದೆ. ಕೆರೆದುಕೊಂಡಷ್ಟೂ ಪದರ ಹರಿಯುತ್ತದೆ, ಹರಿದಷ್ಟೂ ತುರಿಕೆ ಏರುತ್ತದೆ. ಪಿತ್ತದ ಗಂಧೆಯಲ್ಲಿ ಮಾಸ್ಟ್ ಕೋಶಗಳು ಸುರಿಸುವ ಹಿಸ್ಟಮಿನ್ ಪ್ರಧಾನ, ಹಾಗಾಗಿ ಅಲ್ಲಿ ಅಲರ್ಜಿ ಮಾತ್ರೆ ನುಂಗಿದ ಕೂಡಲೇ ಆರಾಮವಾಗುತ್ತದೆ. ಇಸುಬಿನ ತುರಿಕೆಗೆ ಹಿಸ್ಟಮಿನ್ ಒಂದೇ ಕಾರಣವಲ್ಲ, ಅದೇ ಮಾತ್ರೆ ಇಲ್ಲಿ ಅಷ್ಟು ಸಹಾಯಕ್ಕೆ ಬರುವುದಿಲ್ಲ. ಸಸ್ಯದ ಅಣುವೊಂದು ಇಸುಬಿಗೆ ಮದ್ದಾಗಬೇಕಾದರೆ ಈ ಸರಪಳಿಯ ಯಾವುದಾದರೂ ಒಂದು ಕೊಂಡಿಯನ್ನು ಹಿಡಿದು ನಿಲ್ಲಿಸಬೇಕು.

ಜ್ಯೇಷ್ಠಮಧು ಮಾಡುವ ಕೆಲಸ

ನಮ್ಮ ಪ್ರಯೋಗಾಲಯದ ಪ್ರಾಕ್ಟಿಕಲ್‌ನಲ್ಲಿ ವಿದ್ಯಾರ್ಥಿಗಳು ಜ್ಯೇಷ್ಠಮಧುವಿನ ಪುಡಿಯ ಮೇಲೆ 80% ಗಂಧಕಾಮ್ಲ ಹನಿಸಿ ಗಾಢ ಹಳದಿ ಬಣ್ಣ ಬರುವುದನ್ನು ನೋಡುತ್ತಾರೆ. ಪುಡಿಯನ್ನು ನೀರಿಗೆ ಹಾಕಿ ಕುಲುಕಿದರೆ ಕೊಳವೆಯ ತುಂಬ ನೊರೆ. ಆ ನೊರೆಗೂ ಬೇರಿನ ಸಿಹಿಗೂ ಕಾರಣ ಗ್ಲಿಸಿರೈಜಿನ್. ಇದರ ಸಕ್ಕರೆಯ ಭಾಗ ಕಳಚಿದರೆ ಉಳಿಯುವುದು ಗ್ಲಿಸಿರೆಟಿನಿಕ್ ಆಮ್ಲ.

ಇದರ ಕೆಲಸ ಜಾಣತನದ್ದು. ಉರಿಯೂತ ಇಳಿಸುವ ಕಾರ್ಟಿಸಾಲ್ ನಮ್ಮ ದೇಹದಲ್ಲೇ ತಯಾರಾಗುತ್ತದೆ. ಚರ್ಮದಲ್ಲಿರುವ ಒಂದು ಕಿಣ್ವ ಅದನ್ನು ನಿಷ್ಕ್ರಿಯಗೊಳಿಸುತ್ತಿರುತ್ತದೆ. ಗ್ಲಿಸಿರೆಟಿನಿಕ್ ಆಮ್ಲ ಆ ಕಿಣ್ವವನ್ನೇ ತಡೆದು, ಇದ್ದ ಕಾರ್ಟಿಸಾಲ್ ಹೆಚ್ಚು ಹೊತ್ತು ದುಡಿಯುವಂತೆ ಮಾಡುತ್ತದೆ. ಹೈಡ್ರೊಕಾರ್ಟಿಸೋನ್ ಜೊತೆ ಇದನ್ನು ಚರ್ಮಕ್ಕೆ ಹಚ್ಚಿದರೆ ಮುಲಾಮಿನ ಪರಿಣಾಮ ಹೆಚ್ಚುತ್ತದೆಂದು 1990ರಲ್ಲಿ ಎಡಿನ್‌ಬರೊದ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. 2003ರಲ್ಲಿ ಇರಾನಿನಲ್ಲಿ ನಡೆದ ಪರೀಕ್ಷೆಯೊಂದರಲ್ಲಿ 2% ಜ್ಯೇಷ್ಠಮಧುವಿನ ಜೆಲ್ ಎರಡು ವಾರಗಳಲ್ಲಿ ಇಸುಬಿನ ಕೆಂಪು, ಬಾವು, ತುರಿಕೆಗಳನ್ನು ತಗ್ಗಿಸಿತು; 1% ಜೆಲ್‌ಗಿಂತ ಅದೇ ಮೇಲೆನಿಸಿತು.

ಹಾಗಿದ್ದರೆ ಬೇರು ತೇಯ್ದು ಹಚ್ಚಿದರೆ ಸಾಲದೇ ಎಂದು ವಿದ್ಯಾರ್ಥಿಗಳೂ ಕೇಳುತ್ತಾರೆ. ಅಣುಭಾರ ಸುಮಾರು 500 ದಾಟಿದ ವಸ್ತುವನ್ನು ನಮ್ಮ ಚರ್ಮದ ಹೊರಪದರ ಸುಲಭಕ್ಕೆ ಒಳಬಿಡುವುದಿಲ್ಲ. ಹೈಡ್ರೊಕಾರ್ಟಿಸೋನಿನ ಅಣುಭಾರ 362, ಗ್ಲಿಸಿರೆಟಿನಿಕ್ ಆಮ್ಲದ್ದು 470, ಬೇರಿನಲ್ಲಿರುವ ಗ್ಲಿಸಿರೈಜಿನ್‌ದು 823. ತೇಯ್ದ ಬೇರಿನಲ್ಲಿ ಔಷಧದ ಅಂಶ ಇದ್ದರೂ ಅದು ಮೇಲೆಯೇ ಕುಳಿತಿರಬಹುದು. ಒಳಗಿಳಿಸುವ ಲೇಪ ತಯಾರಿಸುವುದು ಅಣುವನ್ನು ಹುಡುಕುವಷ್ಟೇ ದೊಡ್ಡ ಕೆಲಸ. ಹಚ್ಚುವ ಬದಲು ದಿನಾ ತಿಂದರಾಯಿತೆಂದುಕೊಂಡರೆ ಇನ್ನೊಂದು ಅಪಾಯ: ಮೂತ್ರಪಿಂಡದಲ್ಲೂ ಅದೇ ಕಿಣ್ವವಿದೆ. ಅಲ್ಲಿ ಅದು ನಿಂತರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಶಿಯಂ ಕುಸಿಯುತ್ತದೆ.

ಈಜಿಪ್ಟಿನ ಗಿಡ, ವೈದ್ಯನ ಸ್ವಂತ ದಮ್ಮು

ನಮ್ಮ ಪಠ್ಯದಲ್ಲಿ ಅಮ್ಮಿ ವಿಸ್ನಾಗ ಎಂಬ ಗಿಡ ಬರುತ್ತದೆ. ಕೊತ್ತಂಬರಿ, ಜೀರಿಗೆಗಳ ಕುಟುಂಬದ್ದು. ಈಜಿಪ್ಟಿನವರು ಇದರ ಬೀಜದ ಕಷಾಯವನ್ನು ಮೂತ್ರಪಿಂಡದ ಕಲ್ಲಿಗೆ ಕುಡಿಯುತ್ತಿದ್ದರು. ಅದರಲ್ಲಿರುವ ಖೆಲಿನ್ ಎಂಬ ವಸ್ತು ಶ್ವಾಸನಾಳವನ್ನು ಸಡಿಲಿಸುತ್ತದೆ, ಆದರೆ ವಾಕರಿಕೆ ತರುತ್ತದೆ. ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ರಸಾಯನ ವಿಜ್ಞಾನಿಗಳು ಖೆಲಿನ್ನಿನ ಹಂದರ ಇಟ್ಟುಕೊಂಡು ಹೊಸ ಹೊಸ ಅಣುಗಳನ್ನು ಮಾಡುತ್ತಿದ್ದರು. ಅಲ್ಲಿದ್ದ ವೈದ್ಯ ರೋಜರ್ ಆಲ್ಟೂನ್ಯನ್ ಸ್ವತಃ ದಮ್ಮಿನ ರೋಗಿ. ತಮಗೆ ಆಗದ ಗಿನಿಪಿಗ್ ಪ್ರಾಣಿಯ ರೋಮ-ಹೊಟ್ಟಿನ ಸಾರವನ್ನು ಬೇಕೆಂದೇ ಉಸಿರಿನಲ್ಲಿ ಎಳೆದುಕೊಂಡು, ದಮ್ಮು ಬರಿಸಿಕೊಂಡು, ನೂರಾರು ವಸ್ತುಗಳನ್ನು ವರ್ಷಗಟ್ಟಲೆ ತಮ್ಮ ಮೇಲೆಯೇ ಪರೀಕ್ಷಿಸಿದರು. 1965ರಲ್ಲಿ ಸಿಕ್ಕಿದ್ದು ಸೋಡಿಯಂ ಕ್ರೋಮೊಗ್ಲೈಕೇಟ್. 1968ರಲ್ಲಿ ಅದು ಮಾರುಕಟ್ಟೆಗೆ ಬಂತು. ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುವ ಮೊದಲೇ ಅವನ್ನು ಕಟ್ಟಿಹಾಕುವುದು ಇದರ ಕೆಲಸ. ಕಣ್ಣಿನ ಅಲರ್ಜಿಗೆ ಹಾಕುವ ಹನಿಗಳಲ್ಲಿ ಇಂದಿಗೂ ಇದೆ.

ಇಷ್ಟು ಒಳ್ಳೆಯ ಔಷಧ ಇಸುಬಿಗೆ ಏಕೆ ಪ್ರಸಿದ್ಧವಾಗಲಿಲ್ಲ? ಚರ್ಮದೊಳಗೆ ಇಳಿಯಲು ಅದಕ್ಕೆ ಕಷ್ಟ. ಲೇಪ ಮಾಡಿ ನಡೆಸಿದ ಪರೀಕ್ಷೆಗಳ ಫಲವೂ ಒಂದೇ ಬಗೆಯಾಗಿರಲಿಲ್ಲ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಕೂಡ ಗಾಜಿನ ತಟ್ಟೆಯಲ್ಲಿ ಮಾಸ್ಟ್ ಕೋಶಗಳನ್ನು ಸುಮ್ಮನಾಗಿಸುತ್ತದೆ. ಆದರೆ ಉಂಡ ಈರುಳ್ಳಿಯ ಕ್ವೆರ್ಸೆಟಿನ್ ರಕ್ತಕ್ಕೆ ಸೇರುವ ಹೊತ್ತಿಗೆ ಬಹುಪಾಲು ರೂಪ ಬದಲಿಸಿಕೊಂಡಿರುತ್ತದೆ. ಅರಿಶಿನದ ಕರ್ಕುಮಿನ್ ವಿಷಯವೂ ಹೀಗೇ. ನಾನು ಅರಿಶಿನವನ್ನು ಪ್ರೀತಿಸುತ್ತೇನೆ, ಅದಕ್ಕೇ ಈ ಮಾತನ್ನು ಮುಚ್ಚಿಡಲಾರೆ: 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ಕರ್ಕುಮಿನ್ ಕುರಿತ 120ಕ್ಕೂ ಹೆಚ್ಚು ಮಾನವ ಪ್ರಯೋಗಗಳನ್ನು ಮುಂದಿಟ್ಟುಕೊಂಡು, ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಗೆದ್ದದ್ದು ಒಂದೂ ಇಲ್ಲವೆಂದಿತು. ಅಣು ಬೇಗ ಒಡೆಯುತ್ತದೆ, ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕಂಡ ಫಲವನ್ನು ಮಗುವಿನ ತೋಳಿನಲ್ಲಿ ಕಾಣುವವರೆಗೆ ಬಹಳ ದೂರ ನಡೆಯಬೇಕು.

ಲಂಡನ್ನಿನ ಕಷಾಯ

ಆ ದೂರವನ್ನು ಪ್ರಾಮಾಣಿಕವಾಗಿ ನಡೆಯಲು ಹೊರಟವರ ಕಥೆ ಲಂಡನ್ನಿನದು. ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಚರ್ಮವೈದ್ಯ ಡೇವಿಡ್ ಅಥರ್ಟನ್ ತಮ್ಮ ಕೆಲವು ರೋಗಿಗಳು ಎದ್ದುಕಾಣುವಂತೆ ಸುಧಾರಿಸಿದ್ದನ್ನು ಗಮನಿಸಿದರು. ಆ ಮಕ್ಕಳು ಲಂಡನ್ನಿನ ಚೀನೀ ವೈದ್ಯೆ ಲುವೊ ಅವರು ಕೊಟ್ಟ ಗಿಡಮೂಲಿಕೆಯ ಕಷಾಯ ಕುಡಿಯುತ್ತಿದ್ದರು. ಅಥರ್ಟನ್ ಅದನ್ನು ಹಳ್ಳಿ ಮದ್ದೆಂದು ತಳ್ಳಿಹಾಕಲಿಲ್ಲ, ಪವಾಡವೆಂದು ಕೊಂಡಾಡಲೂ ಇಲ್ಲ. ಹತ್ತು ಸಸ್ಯಗಳ ಒಂದೇ ನಿಗದಿತ ಮಿಶ್ರಣ ಮಾಡಿಸಿದರು. ಅದರಲ್ಲಿ ಜ್ಯೇಷ್ಠಮಧು ಇತ್ತು, ನಮ್ಮ ಹೊಲದ ಬದುವಿನ ನೆಗ್ಗಿಲು ಮುಳ್ಳೂ ಇತ್ತು. ಅದೇ ರುಚಿ, ಅದೇ ವಾಸನೆ ಬರುವ ಬೇರೆ ಗಿಡಗಳ ಹುಸಿ ಕಷಾಯವನ್ನೂ ತಯಾರಿಸಿ, ಯಾರು ಯಾವುದನ್ನು ಕುಡಿಯುತ್ತಿದ್ದಾರೆಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಪರೀಕ್ಷಿಸಿದರು. 1992ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನಿಜವಾದ ಕಷಾಯವೇ ಗೆದ್ದಿತ್ತು.

ಆದರೆ 1999ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅದೇ ಮಿಶ್ರಣದ ಪರೀಕ್ಷೆ ನಡೆದಾಗ ಅಂಥ ಲಾಭ ಕಾಣಲಿಲ್ಲ. ಅದೇ ವರ್ಷ ಲಂಡನ್ನಿನಿಂದ ಇನ್ನೊಂದು ವರದಿ 'ಬ್ರಿಟಿಷ್ ಮೆಡಿಕಲ್ ಜರ್ನಲ್‌'ನಲ್ಲಿ ಬಂತು. ಗಿಡಮೂಲಿಕೆಯದೆಂದು ರೋಗಿಗಳು ಬಳಸುತ್ತಿದ್ದ 11 ಕ್ರೀಮುಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಡೆಕ್ಸಾಮೆಥಾಸೋನ್ ಎಂಬ ತೀಕ್ಷ್ಣ ಸ್ಟಿರಾಯ್ಡ್ ಸಿಕ್ಕಿತು. ಸ್ಟಿರಾಯ್ಡ್ ಬೇಡವೆಂದು ಹೋದವರು ಹೆಚ್ಚು ಬಲದ ಸ್ಟಿರಾಯ್ಡನ್ನೇ, ತಿಳಿಯದೆ, ಮುಖಕ್ಕೂ ಮಕ್ಕಳಿಗೂ ಹಚ್ಚುತ್ತಿದ್ದರು. ಹಚ್ಚಿದ ಎರಡೇ ದಿನಕ್ಕೆ ಇಸುಬು ಮಾಯವಾಗಿಸುವ 'ಶುದ್ಧ ನೈಸರ್ಗಿಕ' ಕ್ರೀಮನ್ನು ಯಾರಾದರೂ ಹೊಗಳಿದಾಗ ನನಗೆ ನೆನಪಾಗುವುದು ಈ ವರದಿ. ಡಬ್ಬಿಯ ಮೇಲೆ ಎಲ್ಲ ಘಟಕಗಳ ಹೆಸರು, ಪ್ರಮಾಣ, ತಯಾರಿಕಾ ಪರವಾನಗಿ ಸಂಖ್ಯೆ ಇಲ್ಲದ ಕ್ರೀಮನ್ನು ಮಗುವಿಗೆ ಮುಟ್ಟಿಸಲೇಬೇಡಿ.

ಅಪ್ಪನ ಮುಖ, ಕಾಂಗ್ರೆಸ್ ಕಸ

ಸಸ್ಯದಿಂದ ಬಂದದ್ದು ಸಾಧು ಎಂಬ ನಂಬಿಕೆ ನಮ್ಮ ಮನೆಯಲ್ಲಿ ಉಳಿಯಲಿಲ್ಲ. ನಮ್ಮಪ್ಪ ಎರಿಹೊಲದ ರೈತ. ಹತ್ತಿ ಹೊಲದ ಬದುವಿನಲ್ಲಿ ಕಾಂಗ್ರೆಸ್ ಕಸ ಕಿತ್ತು ಕಿತ್ತು ಅವರ ಕಣ್ರೆಪ್ಪೆ, ಕತ್ತಿನ ಮಡಿಕೆ, ಮೊಣಕೈ ದಪ್ಪಗಾಗಿ ಕಪ್ಪಿಟ್ಟು, ನೀರು ಸೋರತೊಡಗಿತು. ಮಳೆಗಾಲ ಬಂತೆಂದರೆ ಅವರಿಗೆ ನಿದ್ದೆ ಇಲ್ಲ. ಬೇವಿನ ತೊಪ್ಪಲ ಕುದಿಸಿದ ನೀರಿನಲ್ಲಿ ತೊಳೆದದ್ದೇ ತೊಳೆದದ್ದು. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಣ್ಣಿಗೆ ಬಿದ್ದ ಈ ಕಳೆ ದೇಶವೆಲ್ಲ ಹಬ್ಬಿತು. ಇದನ್ನು ತಿನ್ನುವ ಮೆಕ್ಸಿಕೊದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರೂ ಪೂರ್ತಿ ಅಳಿಯಲಿಲ್ಲ. ಅಪ್ಪನ ಚರ್ಮ ತಹಬದಿಗೆ ಬಂದದ್ದು ಚರ್ಮವೈದ್ಯರು ಕೊಟ್ಟ ಅಜಾಥಿಯೊಪ್ರಿನ್ ಮಾತ್ರೆಯಿಂದ. ಆಗಾಗ ರಕ್ತಪರೀಕ್ಷೆ ಮಾಡಿಸುತ್ತಲೇ ನುಂಗಬೇಕಾದ ಮಾತ್ರೆ ಅದು.

ಆ ಕಸದಲ್ಲಿರುವ ಪಾರ್ಥೆನಿನ್ ಅಣುವಿನ ತುದಿ ಒಂದು ಕೊಕ್ಕೆಯಂತೆ. ಅದು ನಮ್ಮ ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಸಿಕ್ಕಿಕೊಳ್ಳುತ್ತದೆ. ಕೊಕ್ಕೆ ಬಿದ್ದ ಪ್ರೋಟೀನನ್ನು ದೇಹ ಪರಕೀಯವೆಂದು ತಿಳಿದು ಮೇಲೆ ಬೀಳುತ್ತದೆ, ಇಸುಬು ಏಳುತ್ತದೆ. ಇದೇ ಸೇವಂತಿಗೆಯ ಕುಟುಂಬದ ಫೀವರ್‌ಫ್ಯೂ ಎಂಬ ಯುರೋಪಿನ ಗಿಡದಲ್ಲಿ ಪಾರ್ಥೆನೊಲೈಡ್ ಇದೆ, ಅದಕ್ಕೂ ಇದೇ ಕೊಕ್ಕೆ. ಅದು ಹೋಗಿ ಸಿಕ್ಕಿಕೊಳ್ಳುವ ಪ್ರೋಟೀನುಗಳಲ್ಲಿ ಉರಿಯೂತಕ್ಕೆ ಆಜ್ಞೆ ಕೊಡುವ ಕಿಣ್ವವೂ ಒಂದು, ಹಾಗಾಗಿ ಉರಿಯೂತ ತಗ್ಗುತ್ತದೆ. ಅದೇ ಪಾರ್ಥೆನೊಲೈಡ್ ಕೆಲವರ ಚರ್ಮಕ್ಕೆ ಅಲರ್ಜಿಯನ್ನೂ ತರುತ್ತದೆ. ಆದ್ದರಿಂದ ಚರ್ಮದ ಲೇಪಗಳಿಗೆ ಪಾರ್ಥೆನೊಲೈಡ್ ತೆಗೆದುಹಾಕಿದ ಫೀವರ್‌ಫ್ಯೂ ಸಾರವನ್ನು ಬಳಸುತ್ತಾರೆ. ಮದ್ದು ಮತ್ತು ವಿಷ ಒಂದೇ ಗಿಡದಲ್ಲಿ, ಕೆಲವೊಮ್ಮೆ ಒಂದೇ ಅಣುವಿನಲ್ಲಿ ಇರುತ್ತವೆ. ಅವನ್ನು ಬಿಡಿಸುವ ಶಾಸ್ತ್ರವನ್ನೇ ನಾನು ಕಲಿಸುತ್ತಿರುವುದು. ಅಪ್ಪನ ಮುಖ ನೋಡಿ ಬೆಳೆದ ನನಗೆ ಇದು ಬರೀ ಪಠ್ಯದ ವಿಷಯವಲ್ಲ.

ಹೊಸ ದಾರಿ

ಇತ್ತೀಚಿನ ಭರವಸೆಯೊಂದು ಹೊಲದಿಂದಲೇ ಬಂದಿದೆ. ಕಬ್ಬು, ಅಡಿಕೆಯ ಬೇರು ತಿನ್ನುವ ಗೊಣ್ಣೆಹುಳುವಿಗೆ ನಮ್ಮ ರೈತರು ಹೆಟೆರೊರಾಬ್ಡಿಟಿಸ್ ಎಂಬ ಜಂತುಹುಳುವನ್ನು ಮಣ್ಣಿಗೆ ಸೇರಿಸುವುದುಂಟು. ಈ ಹುಳುವಿನ ಹೊಟ್ಟೆಯಲ್ಲಿ ಫೋಟೊರಾಬ್ಡಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದು ತಯಾರಿಸುವ ವಸ್ತು ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್‌ನ ಕುಲದ್ದೇ. ಸಾಮಾನ್ಯವಾಗಿ ಸಸ್ಯಗಳೇ ಮಾಡುವ ಈ ಬಗೆಯ ಅಣುವನ್ನು ಕೆನಡಾದ ವಿಜ್ಞಾನಿಗಳು ಬ್ಯಾಕ್ಟೀರಿಯಾದಲ್ಲಿ ಗುರುತಿಸಿ ಬೆಳೆಸಿದರು. ಟ್ಯಾಪಿನಾರೊಫ್ ಎಂಬ ಹೆಸರಿನಲ್ಲಿ ಅದು ಅಮೆರಿಕದಲ್ಲಿ 2022ರಲ್ಲಿ ಸೋರಿಯಾಸಿಸ್‌ಗೆ, 2024ರ ಡಿಸೆಂಬರಿನಲ್ಲಿ ಎರಡು ವರ್ಷ ದಾಟಿದ ಮಕ್ಕಳ ಇಸುಬಿಗೂ ಒಪ್ಪಿಗೆ ಪಡೆಯಿತು. ಇದು ಸ್ಟಿರಾಯ್ಡ್ ಅಲ್ಲ. ಚರ್ಮದ ಕೋಶದ ಒಂದು ಗ್ರಾಹಕವನ್ನು ಎಚ್ಚರಿಸಿ ಫಿಲಾಗ್ರಿನ್ ಹೆಚ್ಚಿಸುತ್ತದೆ. ಹಳೆಯ ಕಾಲದ ಡಾಂಬರು ಮುಲಾಮು ಮುಟ್ಟುತ್ತಿದ್ದದ್ದೂ ಅದೇ ಗ್ರಾಹಕವನ್ನು. ನೀಲಿ ಗಿಡದ ಇಂಡಿರುಬಿನ್ ಕೂಡ ಅಲ್ಲಿಗೇ ಹೋಗುತ್ತದೆ. ತೈವಾನಿನ ಚಾಂಗ್ ಗುಂಗ್ ಆಸ್ಪತ್ರೆಯವರು ನೀಲಿಯ ಮುಲಾಮನ್ನು ಸೋರಿಯಾಸಿಸ್ ರೋಗಿಗಳಲ್ಲಿ ವರ್ಷಗಳಿಂದ ಕ್ರಮಬದ್ಧವಾಗಿ ಪರೀಕ್ಷಿಸಿದ್ದಾರೆ.

ನಮ್ಮಲ್ಲಿ ಇಂಥ ಕೆಲಸಕ್ಕೆ ಗಿಡಗಳ ಕೊರತೆಯಿಲ್ಲ. ಮಲೆನಾಡಿನವರು ಪಿತ್ತದ ಗಂಧೆಗೆ ಬಳಸುವ ಮುರುಗಲಿನ ಸಿಪ್ಪೆಯಲ್ಲಿ ಗಾರ್ಸಿನಾಲ್ ಇದೆ. ಗರಿಕೆ, ಹೊಂಗೆ, ಬೇವು ಎಲ್ಲವೂ ಇವೆ. ಬೇಕಾದದ್ದು ಅಥರ್ಟನ್ ತೋರಿದ ಆ ಎರಡು ಗುಣ: ಜನರ ಅನುಭವಕ್ಕೆ ಕಿವಿಗೊಡುವುದು, ಕೊಟ್ಟ ಮೇಲೆ ಹುಸಿಮದ್ದಿನ ಎದುರು ನಿಲ್ಲಿಸಿ ಪರೀಕ್ಷಿಸುವುದು. ಇಲಿಯ ಕಿವಿಯ ಬಾವು ಇಳಿಯಿತೆಂದು ಪ್ರಬಂಧ ಬರೆದು ಮುಗಿಸುವ ವಿದ್ಯಾರ್ಥಿಗಳಿಗೆ ನಾನು ಹೇಳುವುದೂ ಇದನ್ನೇ. ಮನುಷ್ಯರ ಮೇಲಿನ ಪರೀಕ್ಷೆಗೆ ಹಣ, ಆಸ್ಪತ್ರೆ, ತಾಳ್ಮೆ ಬೇಕು. ಸರ್ಕಾರ ಮತ್ತು ಉದ್ಯಮ ಅದಕ್ಕೆ ಕೈಜೋಡಿಸಬೇಕು.

ಮನೆಯಲ್ಲಿ ಏನು ಮಾಡಬಹುದು

ಅಲ್ಲಿಯವರೆಗೆ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಇಸುಬಿನ ಮೊದಲ ಮದ್ದು ತೇವ. ಬೆಚ್ಚಗಿನ ನೀರಿನಲ್ಲಿ ಚುಟುಕಾಗಿ ಸ್ನಾನ ಮಾಡಿಸಿ, ಮೈ ಒರೆಸಿದ ಕೂಡಲೇ ವಾಸನೆಯಿಲ್ಲದ ಲೇಪ ಹಚ್ಚಬೇಕು. ಫಿಲಿಪೈನ್ಸ್‌ನಲ್ಲಿ 117 ಮಕ್ಕಳ ಮೇಲೆ ಎಂಟು ವಾರ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹಸಿ ಕಾಯಿಯಿಂದ ತೆಗೆದ ಶುದ್ಧ ಕೊಬ್ಬರಿ ಎಣ್ಣೆ ಖನಿಜ ತೈಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಇದಕ್ಕೆ ಪ್ರತಿಯಾಗಿ ಆಲಿವ್ ಎಣ್ಣೆ ಚರ್ಮದ ಪದರವನ್ನು ದುರ್ಬಲಗೊಳಿಸಿದ್ದನ್ನು ಇಂಗ್ಲೆಂಡಿನ ಶೆಫೀಲ್ಡಿನವರು 2013ರಲ್ಲಿ ತೋರಿಸಿದರು. ಅದೇ ಪರೀಕ್ಷೆಯಲ್ಲಿ ಸೂರ್ಯಕಾಂತಿ ಎಣ್ಣೆಯಿಂದ ಹಾನಿಯಾಗಲಿಲ್ಲ. ನುಣ್ಣಗೆ ಬೀಸಿದ ಓಟ್ಸ್‌ಗೆ ಅಮೆರಿಕದ ಔಷಧ ಇಲಾಖೆ 2003ರಲ್ಲೇ ಚರ್ಮರಕ್ಷಕವೆಂಬ ಮಾನ್ಯತೆ ಕೊಟ್ಟಿದೆ. ಅದರಲ್ಲಿರುವ ಅವೆನಾಂತ್ರಮೈಡ್‌ಗಳು ತುರಿಕೆ ತಣಿಸುತ್ತವೆ.

ಬೇಡವಾದವು ಇವು. ಒಡೆದ ಚರ್ಮಕ್ಕೆ ಬೆಳ್ಳುಳ್ಳಿ, ಎಕ್ಕದ ಹಾಲು, ಗೇರೆಣ್ಣೆ ಹಚ್ಚಬೇಡಿ, ಸುಟ್ಟ ಗಾಯವಾಗುತ್ತದೆ. ನಿಂಬೆರಸ, ಬಾವಂಚಿ ಹಚ್ಚಿ ಬಿಸಿಲಿಗೆ ಹೋದರೆ ಅವುಗಳಲ್ಲಿರುವ ಸೊರಾಲೆನ್‌ನಂಥ ವಸ್ತುಗಳು ಬೊಬ್ಬೆ ಎಬ್ಬಿಸುತ್ತವೆ. ಶೇಂಗಾ ಎಣ್ಣೆಯುಳ್ಳ ಲೇಪವನ್ನು ಇಸುಬಿದ್ದ ಕೂಸುಗಳಿಗೆ ಹಚ್ಚುವುದಕ್ಕೂ ಮುಂದೆ ಶೇಂಗಾದ ಅಲರ್ಜಿ ಬರುವುದಕ್ಕೂ ನಂಟಿದೆಯೆಂದು 2003ರ ಬ್ರಿಟಿಷ್ ಅಧ್ಯಯನ ಎಚ್ಚರಿಸಿದೆ. ಆಹಾರದ ಪ್ರೋಟೀನು ಹೊಟ್ಟೆಯ ಮೂಲಕ ಬಂದರೆ ದೇಹ ಒಗ್ಗಿಸಿಕೊಳ್ಳುತ್ತದೆ, ಒಡೆದ ಚರ್ಮದ ಮೂಲಕ ಬಂದರೆ ವೈರಿಯೆಂದು ಗುರುತಿಟ್ಟುಕೊಳ್ಳಬಹುದು. ಆದ್ದರಿಂದ ಇಸುಬು ಕೆರಳಿದ ಮೈಗೆ ಕಡಲೆಹಿಟ್ಟು, ಹಾಲು ತಿಕ್ಕುವುದನ್ನೂ ನಿಲ್ಲಿಸಿ ಎಂದು ನಾನು ಹೇಳುತ್ತೇನೆ.

ಸ್ಟಿರಾಯ್ಡ್ ಮುಲಾಮನ್ನು ವೈದ್ಯರು ಹೇಳಿದ ಬಲದಲ್ಲಿ, ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿ. ಅಂಗಡಿಯವರು ಕೊಟ್ಟ ಮಿಶ್ರಣದ ಟ್ಯೂಬನ್ನು ತಿಂಗಳುಗಟ್ಟಲೆ ತಿಕ್ಕಿಕೊಳ್ಳುವುದರಿಂದ ಚರ್ಮ ತೆಳುವಾಗುವುದು, ವೈದ್ಯರ ನಿಗಾದಲ್ಲಿ ಸರಿಯಾಗಿ ಬಳಸುವುದರಿಂದಲ್ಲ. ಈಗಾಗಲೇ ಸೊಪ್ಪಿನ ಮದ್ದು ಮಾಡುತ್ತಿದ್ದರೆ ಸಂಕೋಚಪಡದೆ ಚರ್ಮವೈದ್ಯರಿಗೆ ತಿಳಿಸಿ. ಯಾವ ಗಿಡ, ಅದರ ಯಾವ ಭಾಗ, ಯಾವುದರಲ್ಲಿ ಅರೆದು ಎಷ್ಟು ದಿನ ಹಚ್ಚಿದಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಡಿಮೆಯಾಗಿದ್ದರೆ ಅದನ್ನೂ ಬರೆಯಿರಿ, ಕೆರಳಿದ್ದರೆ ಅದನ್ನೂ ಬರೆಯಿರಿ. ಲಂಡನ್ನಿನ ಪರೀಕ್ಷೆ ಶುರುವಾದದ್ದು ಮಕ್ಕಳು ಮನೆಯಲ್ಲಿ ಏನು ಕುಡಿಯುತ್ತಿದ್ದಾರೆಂದು ವೈದ್ಯರಿಗೆ ತಿಳಿದದ್ದರಿಂದಲೇ.